ಕೋಲಾರದ ಚಿನ್ನ, ಲಂಡನ್ನಿನ ಶೇರು

ಕಂಪನಿಯ ಸುದ್ದಿ ಹೊರಬಿದ್ದಾಗ ಶೇರಿನ ಬೆಲೆ ಒಂದು ಗೊತ್ತಾದ ಜಾಡಿನಲ್ಲಿ ಏರಿಳಿಯುತ್ತದೆ, ಆ ಜಾಡು ಹಿಡಿದವನಿಗೆ ಲಾಭ ಖಂಡಿತ ಎಂಬ ನಂಬಿಕೆ ಬಹಳ ಹಳೆಯದು. ಕೋಲಾರದ ಗಣಿಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಬೆಲೆಯನ್ನು ಆಡಿಸುವುದು ಬರಿಯ ಸುದ್ದಿಯಲ್ಲ, ಸುದ್ದಿ ಕೊಟ್ಟವರ ಮಾತಿನ ಮೇಲೆ ಆ ಹೊತ್ತಿಗೆ ಉಳಿದಿರುವ ವಿಶ್ವಾಸ. 1879ರ ಕೊನೆಯಿಂದ ಎರಡೇ ವರ್ಷಗಳಲ್ಲಿ, ದಕ್ಷಿಣ ಭಾರತದ ಚಿನ್ನ ತೆಗೆಯುತ್ತೇವೆಂದು ಇಂಗ್ಲೆಂಡಿನಲ್ಲಿ 41 ಕಂಪನಿಗಳು ಹುಟ್ಟಿಕೊಂಡವು. ಅವು ಘೋಷಿಸಿದ ಬಂಡವಾಳ ಸುಮಾರು 50 ಲಕ್ಷ ಪೌಂಡ್. ಬಹುಪಾಲು ವೈನಾಡನ್ನು ನೆಚ್ಚಿದ್ದವು. ಅಲ್ಲಿನ ಬಂಡೆಯಲ್ಲಿ ಚಿನ್ನವೇನೋ ಇತ್ತು, ಖರ್ಚು ಗಿಟ್ಟುವಷ್ಟಿರಲಿಲ್ಲ. ತಜ್ಞರ ವರದಿಗಳನ್ನು ನಂಬಿ ಹಣ ಹಾಕಿದವರು ಮುಳುಗಿದರು.

ಅದೇ ಅಲೆಯಲ್ಲಿ 1880ರಲ್ಲಿ ಕೋಲಾರದ ಚಿನ್ನಕ್ಕಾಗಿ ಹುಟ್ಟಿದ್ದು ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ. 1,35,000 ಪೌಂಡ್ ಬಂಡವಾಳದಲ್ಲಿ ಕೆಲವೇ ವರ್ಷಗಳಲ್ಲಿ ಉಳಿದದ್ದು 13,000. ಶೇರು ಕೆಲವು ಪೆನ್ನಿಗಳಿಗೆ ಇಳಿದಿತ್ತು, ಕಂಪನಿ ಮುಚ್ಚುವ ಮಾತು ನಡೆದಿತ್ತು. ಉಳಿದ ಹಣವನ್ನೂ ಅಗೆತಕ್ಕೇ ಹಾಕಿ ಎಂದು ಗಣಿ ನಡೆಸುವ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ ಸಲಹೆ ಕೊಟ್ಟಿತು. ಗಣಿಯ ಉಸ್ತುವಾರಿಗೆ ಕ್ಯಾಪ್ಟನ್ ಪ್ಲಮ್ಮರ್ ಬಂದು ಹಳೆಯ ಕಾಲದವರ ಅಗೆತಗಳ ಕೆಳಗೆ ಇಳಿದಾಗ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದೆ ನೂರಕ್ಕೂ ಹೆಚ್ಚು ವರ್ಷ ಚಿನ್ನ ಕೊಟ್ಟ ನೆಲವದು. 1880ರಲ್ಲಿ ಗಣಿ ತಜ್ಞರ ಒಳ್ಳೆಯ ಮಾತಿಗೆ ಲಕ್ಷಗಟ್ಟಲೆ ಪೌಂಡ್ ಹರಿದು ಬಂದಿತ್ತು. ಮೂರು ನಾಲ್ಕು ವರ್ಷಗಳ ನಂತರ ಅಂಥದೇ ಮಾತಿಗೆ ಕಾಸಿನ ಕಿಮ್ಮತ್ತಿರಲಿಲ್ಲ. ಆಗ ಸುದ್ದಿ ನಿಧಾನವಾಗಿ ತಲುಪುತ್ತಿತ್ತು, ಅದಕ್ಕೇ ಹೀಗಾಯಿತು ಎನ್ನಬಹುದೆ? ಬೊಂಬಾಯಿಗೂ ಲಂಡನ್ನಿಗೂ ಸಮುದ್ರದ ತಂತಿ 1870ರಲ್ಲೇ ಬಂದಿತ್ತು. ಸುದ್ದಿ ತಲುಪುವುದು ಕಷ್ಟವಾಗಿರಲಿಲ್ಲ, ಅದನ್ನು ನಂಬುವುದು ಕಷ್ಟವಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 1968ರಲ್ಲಿ ಬಾಲ್ ಮತ್ತು ಬ್ರೌನ್ ಎಂಬ ಸಂಶೋಧಕರು ಅಮೆರಿಕದ ಕಂಪನಿಗಳ ಲೆಕ್ಕಪತ್ರ ಹಿಡಿದು ನೋಡಿದರು. ಲಾಭದ ಸುದ್ದಿಯ ಬಹುಪಾಲು ಪ್ರಕಟಣೆಗೆ ಮೊದಲೇ ಬೆಲೆಯಲ್ಲಿ ಸೇರಿಹೋಗಿರುತ್ತಿತ್ತು. ಪ್ರಕಟಣೆಯ ನಂತರವೂ ಬೆಲೆ ಕೆಲಕಾಲ ಅದೇ ದಿಕ್ಕಿನಲ್ಲಿ ಜರುಗುತ್ತಿತ್ತು. ಹಾಗಾದರೆ ಜಾಡು ನಿಜವಲ್ಲವೆ? ನಿಜವೇ, ಆದರೆ ಅದು ನೂರಾರು ಕಂಪನಿಗಳ ಸರಾಸರಿ. ಒಂದೇ ಶೇರು ಕೊಂಡವನಿಗೆ ಸರಾಸರಿ ಆಸರೆಯಾಗದು. ಆ ನಿಧಾನ ಜರುಗಾಟವೂ, ನನ್ನ ಅಂದಾಜಿನಲ್ಲಿ, ಜನ ಸುದ್ದಿಯನ್ನು ಅಳೆದು ತೂಗಿ ನಂಬುವ ಕಾಲವೇ. ವಿಶ್ವಾಸ ಗಟ್ಟಿಯಾಗಿದ್ದಲ್ಲಿ ಆ ಕಾಲ ಬೇಕಾಗುವುದಿಲ್ಲ. 2003ರ ಏಪ್ರಿಲ್ 10ರಂದು ಬೆಂಗಳೂರಿನ ಇನ್ಫೋಸಿಸ್ ಮುಂದಿನ ವರ್ಷದ ಬಗ್ಗೆ ನಿರೀಕ್ಷೆಗಿಂತ ಕಡಿಮೆ ಅಂದಾಜು ಕೊಟ್ಟಿತು. ಹಿಂದಿನ ವರ್ಷಕ್ಕಿಂತ ಲಾಭ ಹೆಚ್ಚೇ ಆಗಿತ್ತು. ಆದರೂ ಒಂದೇ ದಿನದಲ್ಲಿ ಶೇರಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಹೇಳಿದಂತೆ ನಡೆಯುವ ಕಂಪನಿ ಎಂಬ ಹೆಸರಿದ್ದುದರಿಂದಲೇ ಅದರ ಎಚ್ಚರಿಕೆಯ ಮಾತನ್ನು ಪೇಟೆ ಪೂರ್ತಿಯಾಗಿ ನಂಬಿತು.

ಆದ್ದರಿಂದ ಸುದ್ದಿಯ ಬೆನ್ನು ಹತ್ತಿ ಶೇರು ಕೊಳ್ಳುವವರು ಬೆಲೆಯ ಗೆರೆಗಳನ್ನು ನೋಡುವ ಮೊದಲು ಆ ಕಂಪನಿಯ ಹಳೆಯ ಪ್ರಕಟಣೆಗಳನ್ನು ತೆಗೆದು, ಹೇಳಿದ್ದೆಷ್ಟು ನಡೆದದ್ದೆಷ್ಟು ಎಂದು ಓದಲಿ.