ವಿಶ್ವಕಿರಣದಿಂದ ಸೌರಕೋಶಕ್ಕೆ

ಶಿವಾಜಿನಗರದ ನಿಲ್ದಾಣದಲ್ಲಿ ಮಾರತ್ತಹಳ್ಳಿಯ ಕಡೆಗೆ ಹೊರಡುವ ಬಸ್ಸನ್ನು ಹತ್ತಿದರೆ, ಅದು ದಂಡಿನ ಬೀದಿಗಳನ್ನು ಬಳಸಿ, ಹಲಸೂರನ್ನು ದಾಟಿ, ದೊಮ್ಮಲೂರಿನ ಬಳಿ ವಿಮಾನ ನಿಲ್ದಾಣದ ರಸ್ತೆಯನ್ನು ಸೇರುತ್ತದೆ. ಊರಿಂದೂರಿಗೆ ಪ್ರಯಾಣಿಕರನ್ನು ಒಯ್ಯುವ ವಿಮಾನಗಳು 2008ರಲ್ಲಿ ದೇವನಹಳ್ಳಿಗೆ ಹೋದವು. ರಸ್ತೆಗೆ ಹೆಸರು ಮಾತ್ರ ಉಳಿದಿದೆ, ಮುಂದೆ 'ಹಳೆಯ' ಎಂಬ ವಿಶೇಷಣವನ್ನು ಸೇರಿಸಿಕೊಂಡು.

ಈಚೆಗೆ ಒಂದು ದಿನ ಈ ದಾರಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಜೊತೆಗಿದ್ದ. ಉಪಗ್ರಹ ಕೇಂದ್ರದ ಗೋಡೆ ಕಂಡೊಡನೆ ಅವನು ಕೇಳಿದ: "ಸಾರ್, ನಮ್ಮ ಆರ್ಯಭಟ ಉಪಗ್ರಹ ನಾಲ್ಕೇ ದಿನಕ್ಕೆ ಕೆಟ್ಟುಹೋಯಿತಂತಲ್ಲ? ಹಾಗಾದರೆ ಅದರಿಂದ ಬಂದದ್ದೇನು?"

ನಾನು ಕನ್ನಡ ಪಾಠ ಹೇಳುವವನು. ಹಳಗನ್ನಡ ಕಾವ್ಯದಿಂದ ಬಂದದ್ದೇನು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿ ರೂಢಿಯಾಗಿದೆ. ಆದ್ದರಿಂದ ಹುಡುಗನ ಮೇಲೆ ಕೋಪ ಬರಲಿಲ್ಲ. ಆದರೆ ಉತ್ತರವನ್ನು ಬಸ್ಸಿನಲ್ಲಿ ಹೇಳಿ ಮುಗಿಸುವಂತಿರಲಿಲ್ಲ. ಅದು ಆರ್ಯಭಟಕ್ಕಿಂತ ಮೂವತ್ತೈದು ವರ್ಷ ಹಿಂದಿನಿಂದ ಆರಂಭವಾಗಬೇಕು.

1939ರಲ್ಲಿ ಹೋಮಿ ಭಾಭಾ ಅವರು ಕೇಂಬ್ರಿಜ್ಜಿನಿಂದ ರಜೆಗೆಂದು ಸ್ವದೇಶಕ್ಕೆ ಬಂದಿದ್ದರು. ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿತು, ಹಿಂದಿರುಗುವ ದಾರಿ ಮುಚ್ಚಿತು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಮಂದಿರದಲ್ಲಿ ಆಗ ಭೌತವಿಜ್ಞಾನಕ್ಕೆ ಸರ್ ಸಿ. ವಿ. ರಾಮನ್ ಅವರು ಮುಖ್ಯಸ್ಥರು. ಭಾಭಾ ಅವರು ಅಲ್ಲಿಗೆ ಸೇರಿ ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು.

ವಿಶ್ವಕಿರಣವೆಂದರೆ ಅಂತರಿಕ್ಷದಿಂದ ನಮ್ಮ ಮೇಲೆ ಹಗಲಿರುಳೂ ಸುರಿಯುವ ಕಣಗಳ ಮಳೆ. ಅವು ಮೇಲಿನ ಗಾಳಿಗೆ ಬಡಿದಾಗ ಬೇರೆ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದಕ್ಕೆ ಎಲೆಕ್ಟ್ರಾನಿನ ಇನ್ನೂರರಷ್ಟು ಭಾರ. ಇಂಥ ನಡುತೂಕದ ಕಣಕ್ಕೆ 'ಮೆಸಾನ್' ಎಂಬ ಹೆಸರನ್ನು 1939ರಲ್ಲಿ ಸೂಚಿಸಿದವರಲ್ಲಿ ಭಾಭಾ ಅವರೂ ಒಬ್ಬರು. ಅಂದು ಮೆಸಾನೆಂದು ಕರೆದು ಅಳೆಯುತ್ತಿದ್ದ ಆ ಕಣ ಇಂದು ಮ್ಯೂಆನ್ ಎನಿಸಿದೆ. ಅದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟು ಹೊತ್ತಿನಲ್ಲಿ ಸುಮಾರು 660 ಮೀಟರು ಸಾಗಬಹುದು. ಆದರೆ ಹತ್ತು ಹದಿನೈದು ಕಿಲೋಮೀಟರು ಮೇಲೆ ಹುಟ್ಟಿದ್ದು ನೆಲವನ್ನು ಮುಟ್ಟುತ್ತದೆ! ಓಡುವ ಕಣದ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆಂಬ ಐನ್‌ಸ್ಟೈನರ ಮಾತನ್ನು ಭಾಭಾ ಅವರು ಈ ಕಣಗಳ ಬಾಳಿಗೆ 1938ರಲ್ಲಿಯೇ ಅನ್ವಯಿಸಿದ್ದರು.

ಹೀಗೆ ಕಾಗದದ ಮೇಲೆ ಲೆಕ್ಕ ಮಾಡುವ ಸಿದ್ಧಾಂತಿ ಬೆಂಗಳೂರಿನಲ್ಲಿ ಅಳತೆಗೂ ಕೈ ಹಾಕಿದರು. ಅದಕ್ಕೆ ನಮ್ಮ ಊರಿನ ಸ್ಥಾನವೂ ಅನುಕೂಲವಾಗಿತ್ತು. ಭೂಮಿಯ ಕಾಂತಕ್ಷೇತ್ರದ ಲೆಕ್ಕದಲ್ಲಿ ಬೆಂಗಳೂರು ಆಗ ನಡುಗೆರೆಗೆ ತೀರ ಹತ್ತಿರ, 3.3 ಡಿಗ್ರಿ ಉತ್ತರದಲ್ಲಿತ್ತು. ಇಲ್ಲಿ ಆ ಕ್ಷೇತ್ರ ಬಲಹೀನ ಕಣಗಳನ್ನು ಆಚೆಗೆ ತಳ್ಳಿ ಬಲವಾದವನ್ನು ಮಾತ್ರ ಒಳಗೆ ಬಿಡುತ್ತದೆ. ಉತ್ತರ ದೇಶಗಳ ಅಳತೆಯೊಡನೆ ಇಲ್ಲಿಯದನ್ನು ಹೋಲಿಸಿದರೆ ಕಣಗಳ ಸ್ವಭಾವ ತಿಳಿಯುತ್ತದೆ.

ಅಳೆಯುವುದಕ್ಕೆ ಮೇಲೆ ಹೋಗಬೇಕಲ್ಲ! ಹಲಸೂರಿನಾಚೆಯ ಬಯಲಿನಲ್ಲಿ, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1943ರಲ್ಲಿ ಯುದ್ಧದ ಅಗತ್ಯಕ್ಕಾಗಿ ಅದು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. 1944ರಲ್ಲಿ ಅಮೆರಿಕದ ವಾಯುಸೇನೆ ಒದಗಿಸಿದ ವಿಮಾನದಲ್ಲಿ ಭಾಭಾ ಮತ್ತು ಸಂಗಡಿಗರ ಕಣ ಎಣಿಸುವ ಉಪಕರಣ 30,000 ಅಡಿಯವರೆಗೆ ಏರಿತು. ಬಾಂಬಿನ ಕಾಲದಲ್ಲಿ ಯುದ್ಧವಿಮಾನಕ್ಕೆ ಇಂಥ ಸಾಧುವಾದ ಕೆಲಸ ದೊರೆತದ್ದು ವಿಶೇಷ.

ಅದಕ್ಕೂ ಮೊದಲು, 1939-40ರ ಚಳಿಗಾಲದಲ್ಲಿ, ಅಮೆರಿಕದ ಮಿಲಿಕನ್ ಅವರು ನೆಹೆರ್ ಮತ್ತು ಪಿಕರಿಂಗ್ ಎಂಬ ಇಬ್ಬರು ಸಹಾಯಕರೊಡನೆ ಭಾರತಕ್ಕೆ ಬಂದು ಪೇಷಾವರ, ಆಗ್ರಾ, ಬೆಂಗಳೂರುಗಳಲ್ಲಿ ಇದೇ ಕಿರಣಗಳನ್ನು ಅಳೆಯಲು ಬಲೂನು ಹಾರಿಸಿದ್ದರು. ಅದೇ ಸುಮಾರಿಗೆ ವಿಕ್ರಮ ಸಾರಾಭಾಯಿ ಅವರೂ, ಯುದ್ಧದ ದೆಸೆಯಿಂದಲೇ ಕೇಂಬ್ರಿಜ್ಜಿನಿಂದ ಬಂದು, ರಾಮನ್ ಅವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಸಿಸುತ್ತಿದ್ದರು. ಇದರಲ್ಲಿ ಯಾವುದರಿಂದಲೂ ಊರಿಗೆ ಒಂದು ದೀಪ ಹೆಚ್ಚಾಗಿ ಉರಿಯಲಿಲ್ಲ. "ಬಂದದ್ದೇನು" ಎಂದು ಅಂದೇ ಯಾರಾದರೂ ಕೇಳಿದ್ದರೆ ತಪ್ಪೆನ್ನುವ ಹಾಗಿರಲಿಲ್ಲ.

ಆದರೆ ಆ ಮನುಷ್ಯರು ಮುಂದೆ ಎಲ್ಲೆಲ್ಲಿಗೆ ಹೋದರೆಂಬುದನ್ನು ನೋಡಬೇಕು. ಬೆಂಗಳೂರಿನಲ್ಲಿ ಬಲೂನು ಬಿಟ್ಟ ಪಿಕರಿಂಗ್ ಅವರು 1954ರಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನಿರ್ದೇಶಕರಾದರು. ಅಲ್ಲಿ ತಯಾರಾದ ಎಕ್ಸ್‌ಪ್ಲೋರರ್ ಉಪಗ್ರಹ 1958ರಲ್ಲಿ ಭೂಮಿಯ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕ ಕಣಗಳ ಪಟ್ಟಿಯನ್ನು ಕಂಡುಹಿಡಿಯಿತು. ಆ ವರ್ಷವೇ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹ ಮೊದಲ ಬಾರಿಗೆ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಿತು. ಎರಡು ಸಂಗತಿಗಳಿಗೂ ಹತ್ತಿರದ ನಂಟುಂಟು. ಸೌರಕೋಶವೆಂದರೆ ಸಿಲಿಕಾನಿನ ತೆಳುವಾದ ಹಲ್ಲೆ. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಅಂತರಿಕ್ಷದ ಕಣಗಳೋ ಆ ಸಿಲಿಕಾನಿನ ಪರಮಾಣುಗಳನ್ನು ಬಡಿದು ಸ್ಥಾನ ತಪ್ಪಿಸುತ್ತವೆ. ವರ್ಷ ಕಳೆದಂತೆ ಕೋಶದ ಕಸುವು ಇಳಿಯುತ್ತದೆ. ಆದ್ದರಿಂದ ಕೋಶಗಳ ಮೇಲೆ ಗಾಜಿನ ಹೊದಿಕೆ ಹಾಕುತ್ತಾರೆ. ಹಾರುವ ದಿನದ ಶಕ್ತಿಯನ್ನಲ್ಲದೆ ಕೊನೆಯ ದಿನ ಉಳಿಯುವ ಶಕ್ತಿಯನ್ನೂ ಮುಂಚೆಯೇ ಲೆಕ್ಕ ಹಾಕುತ್ತಾರೆ. ಕಣಗಳನ್ನು ಎಣಿಸಿದವರಿಲ್ಲದೆ ಈ ಲೆಕ್ಕ ಹುಟ್ಟುವಂತಿರಲಿಲ್ಲ.

ಸಾರಾಭಾಯಿ ಅವರು 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಆರಂಭಿಸಿದರು. ಅಲ್ಲಿಗೆ ಶಿಷ್ಯರಾಗಿ ಹೋದವರು ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್. ಅವರೂ ವಿಶ್ವಕಿರಣದವರೇ. ಮುಂದೆ ಅಮೆರಿಕಕ್ಕೆ ಹೋಗಿ, ಪಿಕರಿಂಗ್ ಅವರ ಪ್ರಯೋಗಾಲಯ 1962ರಲ್ಲಿ ಶುಕ್ರಗ್ರಹದತ್ತ ಕಳುಹಿಸಿದ ಮ್ಯಾರಿನರ್-2ರ ಮಾಹಿತಿಯಿಂದ, ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಭ್ಯಸಿಸಿದರು. ಆ ನೌಕೆಗೆ ಇದ್ದದ್ದು ಎರಡು ಸೌರಫಲಕ. ನಡುದಾರಿಯಲ್ಲಿ ಒಂದು ಕೆಟ್ಟಿತು. ಅಷ್ಟರಲ್ಲಿ ನೌಕೆ ಸೂರ್ಯನಿಗೆ ಸಮೀಪವಾಗಿದ್ದುದರಿಂದ ಉಳಿದೊಂದೇ ಸಾಕಾಯಿತು.

1972ರಲ್ಲಿ ರಾವ್ ಅವರು ಭಾರತದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆ ಹೊತ್ತು ಬೆಂಗಳೂರಿಗೆ ಬಂದರು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಹಿಂದೆಂದೂ ಉಪಗ್ರಹ ಕಟ್ಟದ ತರುಣರು ಮೂರು ವರ್ಷದೊಳಗೆ 360 ಕಿಲೋಗ್ರಾಂ ತೂಕದ ಆರ್ಯಭಟವನ್ನು ಸಿದ್ಧಪಡಿಸಿದರು. ಇಪ್ಪತ್ತಾರು ಮುಖದ ಆ ಗೋಳದ ಮೈಗೆಲ್ಲ, ಮೇಲಿನ ಮತ್ತು ಕೆಳಗಿನ ಮುಖಗಳನ್ನು ಬಿಟ್ಟು, ಸೌರಕೋಶಗಳು. ಅವನ್ನೂ ಬ್ಯಾಟರಿಗಳನ್ನೂ ಒದಗಿಸಿದ್ದು ಸೋವಿಯತ್ ದೇಶ. ಒಟ್ಟು ಶಕ್ತಿ 46 ವ್ಯಾಟ್, ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ 60 ವ್ಯಾಟಿನ ಬಲ್ಬಿಗೂ ಸಾಲದು! 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಕಕ್ಷೆಗೆ ಸೇರಿತು. ಅದರಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು, ಸೂರ್ಯನಿಂದ ಬರುವ ನ್ಯೂಟ್ರಾನ್ ಕಣಗಳನ್ನೂ ಗಾಮಾ ಕಿರಣಗಳನ್ನೂ ಹುಡುಕುವುದು. ಹಳೆಯ ಪ್ರಶ್ನೆ ಅಲ್ಲಿಗೂ ಏರಿತ್ತು.

ನನ್ನ ವಿದ್ಯಾರ್ಥಿ ಕೇಳಿದ್ದು ಸುಳ್ಳಲ್ಲ. ನಾಲ್ಕು ದಿನಗಳಲ್ಲಿ, ಸುಮಾರು ಅರವತ್ತು ಸುತ್ತಿನ ಬಳಿಕ, ಪ್ರಯೋಗಗಳಿಗೆ ವಿದ್ಯುತ್ತು ನಿಂತಿತು. ದೋಷವಿದ್ದದ್ದು ವಿದ್ಯುತ್ತನ್ನು ಒದಗಿಸುವ ಏರ್ಪಾಟಿನಲ್ಲಿ. ಪ್ರಯೋಗಗಳು ಮುಗಿದರೂ ಉಪಗ್ರಹದ ಮುಖ್ಯಭಾಗ 1981ರ ಮಾರ್ಚಿನವರೆಗೆ ಸಚೇತನವಾಗಿತ್ತೆಂದು ಇಸ್ರೋ ದಾಖಲಿಸಿದೆ. ಎರಡು ರೂಪಾಯಿನ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ನಾವೆಲ್ಲ ಕಂಡಿದ್ದೇವೆ.

ಕೆಟ್ಟದ್ದನ್ನು ಮುಚ್ಚಿಟ್ಟು ಬೇರೆ ಕೆಲಸ ಹುಡುಕಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1979ರಲ್ಲಿ ಭಾಸ್ಕರ ಹಾರಿತು. 1981ರಲ್ಲಿ ಹಾರಿದ ಆಪಲ್ ಎಂಬ ಸಂಪರ್ಕ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಮತ್ತೆ ವಿದ್ಯುತ್ತಿನ ಗಂಡಾಂತರ! ಆದರೆ ಈ ಸಲ ಅರ್ಧ ಶಕ್ತಿಯಲ್ಲಿಯೇ ಸಂಸಾರ ತೂಗಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅದರಿಂದ ಕೆಲಸ ತೆಗೆದರು. ಮ್ಯಾರಿನರ್ ನೌಕೆಗೆ ಸೂರ್ಯನ ಸಾಮೀಪ್ಯ ನೆರವಾಗಿತ್ತು. ಇಲ್ಲಿ ನೆರವಾದದ್ದು ನೆಲದ ಮೇಲೆ ಕುಳಿತವರ ಮಿತವ್ಯಯ.

ಪೀಣ್ಯದ ಶೆಡ್ಡುಗಳಲ್ಲಿ ಮೊಳೆತ ಆ ಸಂಸ್ಥೆಯೇ ಮುಂದೆ ವಿಮಾನ ಕಾರ್ಖಾನೆಯ ನೆರೆಗೆ ಬಂದು ನೆಲಸಿತು. ರಾವ್ ಅವರು 2017ರಲ್ಲಿ ತೀರಿಕೊಂಡ ಮೇಲೆ, 2018ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಮೆಸಾನಿನ ಸಿದ್ಧಾಂತದಿಂದ ಸೌರಫಲಕ ಹುಟ್ಟಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಸಿದ್ಧಾಂತ ಕೊಟ್ಟದ್ದು ಫಲಕವನ್ನಲ್ಲ, ಮನುಷ್ಯರನ್ನು. ಕಣ್ಣಿಗೆ ಕಾಣದ ಕಣವನ್ನು ಎಣಿಸಿ ಪಳಗಿದ ಕೈಗೆ 46 ವ್ಯಾಟಿನ ಲೆಕ್ಕ ಚಿಕ್ಕದೆನಿಸುವುದಿಲ್ಲ. ಒಂದು ಪ್ರಯೋಗ ಕೆಟ್ಟಿತೆಂದು ಅದು ಕೆಲಸ ಬಿಡುವುದೂ ಇಲ್ಲ. ಇಂಥ ಕೈಗಳನ್ನು ಹಣ ಕೊಟ್ಟು ಕೊಳ್ಳಲು ಬರುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ತಯಾರು ಮಾಡಬೇಕು, ಅದಕ್ಕೆ ಮೂವತ್ತು ನಲವತ್ತು ವರ್ಷ ಬೇಕು. ಅಷ್ಟು ಕಾಲ "ಬಂದದ್ದೇನು" ಎಂಬ ಪ್ರಶ್ನೆಯನ್ನು ಸಮಾಜ ತಾಳಿಕೊಳ್ಳಬೇಕು.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ ನೌಕೆಯನ್ನು ರೂಪಿಸಿದ್ದು ಈ ರಸ್ತೆಯ ಕೇಂದ್ರವೇ. ಸೂರ್ಯನ ಕಣಗಳ ಗಾಳಿಯನ್ನು ಅಳೆಯಲು ಅದರಲ್ಲಿರುವ ಉಪಕರಣವೊಂದು ಸಾರಾಭಾಯಿ ಅವರ ಅಹಮದಾಬಾದಿನ ಸಂಶೋಧನಾಲಯದ್ದು. ನೌಕೆಗೆ ವಿದ್ಯುತ್ತು ಸೂರ್ಯನಿಂದ. ನೌಕೆ ವಿಚಾರಿಸುವುದೂ ಸೂರ್ಯನನ್ನೇ.

ಇಷ್ಟನ್ನೂ ಮರುದಿನ ತರಗತಿ ಮುಗಿದ ಮೇಲೆ ನನ್ನ ವಿದ್ಯಾರ್ಥಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಆ ನಾಲ್ಕು ದಿನ ಲೆಕ್ಕಕ್ಕೆ ಬಂತು ಸಾರ್" ಎಂದ. ಬಂತೆಂದೇ ನನಗೂ ತೋರುತ್ತದೆ.