ಒಂದೇ ಯೋಜನೆ, ಎರಡು ಪಾಠ: ಮೂಲವಿಜ್ಞಾನಕ್ಕೆ ಸೇನಾ ನೆರವು ಕೋರಿದ ಅರ್ಜಿಗಳ ಇತಿಹಾಸ

ಜಾನಪದ ಅಧ್ಯಯನಕ್ಕೆ ಪಾಠಾಂತರ ಎಂಬ ಪರಿಕಲ್ಪನೆ ಹೊಸದಲ್ಲ. ಹೇಳುವವರು ಬದಲಾದಂತೆ, ಕೇಳುವವರು ಬದಲಾದಂತೆ ಒಂದೇ ಕಥೆ ಬೇರೆ ಬೇರೆ ರೂಪ ತಾಳುತ್ತದೆ. ಕಚೇರಿಯ ಕಡತಗಳಿಗೂ ಇಂತಹ ಪಾಠಾಂತರಗಳಿರುತ್ತವೆ ಎಂಬ ಅಂಶ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಮೂಲ ಸಂಶೋಧನೆಗಾಗಿ ಸೇನೆಯಿಂದ ಹಣ ಕೋರಿ ಸಲ್ಲಿಸಿದ ಅರ್ಜಿಗಳು ಇದಕ್ಕೆ ತಕ್ಕ ನಿದರ್ಶನ. ಒಂದೇ ಯೋಜನೆಯನ್ನು ಬೇಡುವವನು ಒಂದು ಬಗೆಯಾಗಿ ಬರೆದನು. ನೀಡುವವನು ತನ್ನ ಕಡತದಲ್ಲಿ ಇನ್ನೊಂದು ಬಗೆಯಾಗಿ ಬರೆದಿಟ್ಟುಕೊಂಡನು. ಈ ಎರಡು ಪಾಠಗಳ ನಡುವಣ ಅಂತರದಲ್ಲಿಯೇ ಸುಮಾರು ಕಾಲು ಶತಮಾನದಷ್ಟು ಕಾಲ ಅಲ್ಲಿನ ಮೂಲವಿಜ್ಞಾನದ ಬಹುಭಾಗ ಬೆಳೆಯಿತು.

ಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ವ್ಯಾನೆವರ್ ಬುಷ್ ಅಧ್ಯಕ್ಷರಿಗೆ ಸಲ್ಲಿಸಿದ ವರದಿ, ಮೂಲ ಸಂಶೋಧನೆಗೆ ಸರ್ಕಾರವೇ ಒಂದು ನಾಗರಿಕ ಸಂಸ್ಥೆಯ ಮೂಲಕ ನೆರವು ನೀಡಬೇಕೆಂದು ಶಿಫಾರಸು ಮಾಡಿತು. ಸಂಸ್ಥೆಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ವಾದದಲ್ಲಿ ಐದು ವರ್ಷಗಳು ಕಳೆದವು. 1947ರ ಮಸೂದೆಯನ್ನು ಟ್ರೂಮನ್ ತಿರಸ್ಕರಿಸಿದರು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸ್ಥಾಪನೆಯಾದುದು 1950ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ದೊರೆತ ಹಣ ಕೇವಲ 2,25,000 ಡಾಲರ್. ಈ ನಡುವಿನ ತೆರಪನ್ನು ತುಂಬಿದ್ದು 1946ರ ಆಗಸ್ಟ್‌ನಲ್ಲಿ ಶಾಸನಬದ್ಧವಾಗಿ ಆರಂಭಗೊಂಡ ನೌಕಾ ಸಂಶೋಧನಾ ಕಚೇರಿ. ಇದರ ರೂಪುರೇಷೆಯನ್ನು ಯುದ್ಧಕಾಲದಲ್ಲೇ ಸಿದ್ಧಪಡಿಸಿದವರು ‘ಬರ್ಡ್ ಡಾಗ್ಸ್’, ಅಂದರೆ ಹಕ್ಕಿಬೇಟೆಯ ನಾಯಿಗಳು, ಎಂದು ಹೆಸರಾದ ಕೆಲವು ಯುವ ನೌಕಾಧಿಕಾರಿಗಳು. ಬೇಟೆ ಯಾವುದು, ಬೇಟೆಗಾರ ಯಾರು ಎಂಬ ಪ್ರಶ್ನೆಯನ್ನು ಆ ಅಡ್ಡಹೆಸರೇ ಎತ್ತುತ್ತದೆ.

ಈ ಕಚೇರಿಯ ಕಾರ್ಯವಿಧಾನ ಗಮನಾರ್ಹವಾದುದು. ಅದು ವಿಜ್ಞಾನಿಗಳು ತಾವಾಗಿಯೇ ರೂಪಿಸಿದ ಯೋಜನೆಗಳನ್ನು ಸ್ವೀಕರಿಸುತ್ತಿತ್ತು. ಅರ್ಜಿ ಓದುತ್ತಿದ್ದವರಲ್ಲಿ ಅನೇಕರು ಸ್ವತಃ ವಿದ್ವಾಂಸರು. ಗಣಿತ ವಿಭಾಗದ ಮುಖ್ಯಸ್ಥೆಯಾಗಿದ್ದ ಮೀನಾ ರೀಸ್ ಗಣಿತಜ್ಞೆ. ಮುಖ್ಯ ವಿಜ್ಞಾನಿಯಾಗಿದ್ದ ಅಲನ್ ವಾಟರ್‌ಮನ್ 1951ರಲ್ಲಿ ವಿಜ್ಞಾನ ಪ್ರತಿಷ್ಠಾನದ ಮೊದಲ ನಿರ್ದೇಶಕರಾದರು. ಮೂಲ ಸಂಶೋಧನೆಯ ಫಲಿತಾಂಶಗಳನ್ನು ಸಾಮಾನ್ಯವಾಗಿ ಮುಕ್ತವಾಗಿ ಪ್ರಕಟಿಸಬಹುದಿತ್ತು. ಹೀಗಾಗಿ ಅರ್ಜಿದಾರನು ಯುದ್ಧದ ಮಾತನ್ನೇ ಎತ್ತದೆ ತನ್ನ ಸಮಸ್ಯೆಯನ್ನು ವಿವರಿಸಬಹುದಾಗಿತ್ತು. ನೌಕಾಪಡೆಗೆ ಅದರಿಂದೇನು ಪ್ರಯೋಜನ ಎಂಬುದನ್ನು ಮೇಲಿನವರಿಗೆ ಮನವರಿಕೆ ಮಾಡಿಕೊಡುವುದು ಅಧಿಕಾರಿಯ ಹೊಣೆಯಾಗಿತ್ತು. ನಮ್ಮ ದತ್ತಿಶಾಸನಗಳಲ್ಲಿ ದಾನಿಯ ಪ್ರಶಸ್ತಿಯೇ ಹಲವು ಸಾಲುಗಳನ್ನು ಆಕ್ರಮಿಸಿ, ದತ್ತಿಯ ವಿವರ ಬಳಿಕ ಬರುತ್ತದೆ. ಇಲ್ಲಿ ದಾನಿಯ ಪ್ರಶಸ್ತಿ ಬೇರೊಂದು ಕಡತಕ್ಕೆ ಸರಿಯಿತು.

ಈ ಏರ್ಪಾಡನ್ನು ಎಲ್ಲರೂ ಒಪ್ಪಿದರೆಂದಲ್ಲ. ಗಣಿತಜ್ಞ ನಾರ್ಬರ್ಟ್ ವೀನರ್ ತಮ್ಮ ಯುದ್ಧಕಾಲದ ವರದಿಯೊಂದರ ಪ್ರತಿಯನ್ನು ಕ್ಷಿಪಣಿ ಕಾರ್ಯದಲ್ಲಿ ತೊಡಗಿದ್ದ ಸಂಶೋಧಕನಿಗೆ ಕೊಡಲು ನಿರಾಕರಿಸಿ, ಆ ಪತ್ರವನ್ನು 1947ರ ಜನವರಿಯಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಪ್ರಕಟಿಸಿದರು. ಅಂತಹ ದನಿಗಳು ವಿರಳ.

ಎರಡು ಪಾಠಗಳು ಒಂದೇ ಕಟ್ಟಡದಲ್ಲಿ ಕೂಡಿ ನಿಂತುದಕ್ಕೆ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ ಸಾಕ್ಷಿ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಗಾರ್ಡನ್ ಅವರಿಗೆ ಬೇಕಾಗಿದ್ದುದು ವಾಯುಮಂಡಲದ ಮೇಲ್ಪದರವಾದ ಅಯಾನುಗೋಳದ ಅಧ್ಯಯನ. ಅಲ್ಲಿನ ಇಲೆಕ್ಟ್ರಾನುಗಳಿಂದ ಚದುರಿ ಮರಳುವ ಅತಿ ಕ್ಷೀಣ ರೇಡಿಯೊ ಪ್ರತಿಧ್ವನಿಯನ್ನು ಹಿಡಿಯಲು ಭಾರಿ ತಟ್ಟೆ ಬೇಕೆಂದು 1958ರಲ್ಲಿ ಅವರು ಲೆಕ್ಕ ಹಾಕಿದರು. ರಕ್ಷಣಾ ಇಲಾಖೆಯ ಮುಂಗಡ ಸಂಶೋಧನಾ ಯೋಜನೆಗಳ ಸಂಸ್ಥೆಗೆ ಬೇಕಾಗಿದ್ದುದು ಅದೇ ಪದರವನ್ನು ಹಾದುಬರುವ ಶತ್ರುಕ್ಷಿಪಣಿಯ ಜಾಡು. ಅದೇ ವರ್ಷ ಕೆನೆತ್ ಬೋಲ್ಸ್ ನಡೆಸಿದ ಪ್ರಯೋಗದಿಂದ, ಈ ಕೆಲಸಕ್ಕೆ ಇನ್ನೂ ಬಹಳ ಚಿಕ್ಕ ತಟ್ಟೆ ಸಾಕೆಂದು ತಿಳಿದುಬಂದಿತು. ಆದರೂ ಯೋಜನೆ ಕುಗ್ಗಲಿಲ್ಲ. 1963ರ ನವೆಂಬರ್‌ನಲ್ಲಿ 305 ಮೀಟರ್ ವ್ಯಾಸದ ತಟ್ಟೆಯೇ ಉದ್ಘಾಟನೆಗೊಂಡಿತು. ಅರ್ಜಿಯಲ್ಲಿನ ಮೂಲ ಲೆಕ್ಕ ಬಿದ್ದುಹೋದ ಮೇಲೂ ಕಟ್ಟಡ ನಿಂತಿತೆಂದರೆ, ಅದನ್ನು ಹೊತ್ತದ್ದು ಕೇವಲ ಆ ಲೆಕ್ಕವಲ್ಲ ಎಂದೇ ಅರ್ಥ. ಹಲ್ಸ್ ಮತ್ತು ಟೇಲರ್ 1974ರಲ್ಲಿ ಜೋಡಿ ಪಲ್ಸಾರ್ ಕಂಡುಹಿಡಿದದ್ದು ಈ ದೊಡ್ಡ ತಟ್ಟೆಯಿಂದಲೇ. ಅದಕ್ಕೆ 1993ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು.

ಭಾಷಾವಿಜ್ಞಾನವೂ ಇದರಿಂದ ಹೊರತಲ್ಲ. ಕನ್ನಡದ ಭಾಷಾವಿಜ್ಞಾನ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ನೋಮ್ ಚಾಮ್‌ಸ್ಕಿಯವರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ (1957) ಕೃತಿಯ ಮುನ್ನುಡಿ ಭೂಸೇನೆ, ವಾಯುಪಡೆ, ನೌಕಾಪಡೆ ಮೂರರ ನೆರವನ್ನೂ ಸ್ಮರಿಸುತ್ತದೆ. ವಿಯೆಟ್ನಾಂ ಯುದ್ಧವನ್ನು ಮುಂದೆ ಕಟುವಾಗಿ ವಿರೋಧಿಸಿದವರೂ ಅವರೇ. ಮುನ್ನುಡಿಯ ಇಂತಹ ಸಾಲುಗಳನ್ನು ಓದುಗರು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ. ಆಶ್ರಯದ ಇತಿಹಾಸ ಉಳಿದಿರುವುದು ಮಾತ್ರ ಅಲ್ಲಿಯೇ.

ಆ ಯುದ್ಧ ಎರಡು ಪಾಠಗಳನ್ನು ಮುಖಾಮುಖಿಯಾಗಿಸಿತು. 1969ರ ಮಾರ್ಚ್ 4ರಂದು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಶೋಧಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಅದೇ ವರ್ಷ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಸೇನಾ ಖರೀದಿ ಶಾಸನಕ್ಕೆ ತಂದ ತಿದ್ದುಪಡಿಯ ಪ್ರಕಾರ, ನಿರ್ದಿಷ್ಟ ಸೇನಾಕಾರ್ಯದೊಂದಿಗೆ ನೇರವಾದ ಸಂಬಂಧ ಎದ್ದುಕಾಣದ ಯಾವ ಸಂಶೋಧನೆಗೂ ರಕ್ಷಣಾ ಇಲಾಖೆಯ ಹಣ ಸಲ್ಲತಕ್ಕದ್ದಲ್ಲ. ಮ್ಯಾನ್ಸ್‌ಫೀಲ್ಡ್ ವಿಜ್ಞಾನದ ವೈರಿಯಾಗಿರಲಿಲ್ಲ. ಮೂಲ ಸಂಶೋಧನೆಯ ಹೊಣೆ ನಾಗರಿಕ ಸಂಸ್ಥೆಗಳಿಗೆ ಸೇರಬೇಕೆಂಬುದು ಅವರ ನಿಲುವಾಗಿತ್ತು. ಆದರೆ ಪರಿಣಾಮ ವಿಚಿತ್ರವಾಗಿತ್ತು. ಅಲ್ಲಿಯವರೆಗೆ ಅಧಿಕಾರಿಯ ಕಡತದಲ್ಲಿ ಸದ್ದಿಲ್ಲದೆ ಇದ್ದ ಸಮರ್ಥನೆ ಈಗ ಶಾಸನದ ಒರೆಗಲ್ಲಿಗೆ ಬಂದಿತು. ತನ್ನ ಕೆಲಸಕ್ಕೂ ಯುದ್ಧಕ್ಕೂ ಸಂಬಂಧವಿಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಪ್ರಾಧ್ಯಾಪಕನ ಯೋಜನೆ ಉಳಿಯಬೇಕಾದರೆ, ಸಂಬಂಧವಿದೆಯೆಂದು ಇಲಾಖೆ ತೋರಿಸಲೇಬೇಕಾಯಿತು.

ಈ ಇಬ್ಬಂದಿಯನ್ನು ಬಯಲಿಗೆ ತಂದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರು 1971ರಲ್ಲಿ ತಮ್ಮ ವಿಶ್ವವಿದ್ಯಾಲಯದ ಸೇನಾ ಪೋಷಿತ ಯೋಜನೆಗಳನ್ನು ಸಂಕಲಿಸಿ, ಒಂದೊಂದರ ಬಗ್ಗೆಯೂ ಸಂಶೋಧಕನ ವಿವರಣೆ ಮತ್ತು ಇಲಾಖೆಯ ವಿವರಣೆ ಎರಡನ್ನೂ ಜೊತೆಗಿಟ್ಟು ಪ್ರಕಟಿಸಿದರು. ಪಾಠಸಂಪಾದನೆಯ ಶಿಸ್ತನ್ನು ಅರಿಯದೆಯೇ ಅವರು ಅನುಸರಿಸಿದರೆನ್ನಬೇಕು. ಎರಡರಲ್ಲಿ ಯಾವುದು ನಿಜ ಎಂಬ ವಾದ ಮುಂದೆ ಇತಿಹಾಸಕಾರರ ಪಾಲಿಗೆ ಬಂದಿತು. ಸೇನೆಯ ಹಣ ಭೌತವಿಜ್ಞಾನದ ದಿಕ್ಕನ್ನೇ ತಿರುಗಿಸಿತೆಂದು ಪಾಲ್ ಫೋರ್ಮನ್ 1987ರಲ್ಲಿ ವಾದಿಸಿದರು. ತಿರುಗಿಸುವುದಕ್ಕೆ ವಿಜ್ಞಾನಕ್ಕೆ ಪೂರ್ವನಿಶ್ಚಿತ ದಾರಿಯೊಂದು ಇತ್ತೆಂದು ಹೇಳಲಾಗದು ಎಂಬುದು 1990ರಲ್ಲಿ ಡೇನಿಯಲ್ ಕೆವ್ಲ್ಸ್ ಮಂಡಿಸಿದ ವಾದದ ತಿರುಳು. ಕೆವ್ಲ್ಸ್ ಮಾತಿನಲ್ಲಿ ಹುರುಳಿದೆ. ಮೂಲಪಾಠವೆಂಬುದೊಂದು ಎಲ್ಲೋ ಅಖಂಡವಾಗಿ ಇದ್ದಿತೆಂದು ಜಾನಪದ ವಿದ್ವಾಂಸರೂ ಈಗ ನಂಬುವುದಿಲ್ಲ. ಆದರೆ ಯಾವ ಪಾಠ ಯಾರ ಕಣ್ಣಿಗೆ ಬೀಳದಂತೆ ಇಡಲ್ಪಟ್ಟಿತು ಎಂಬ ಪ್ರಶ್ನೆ ಅದರಿಂದ ಇಲ್ಲವಾಗುವುದಿಲ್ಲ.

ಮ್ಯಾನ್ಸ್‌ಫೀಲ್ಡ್ ನಿಯಮ ಹಾಗೆಯೇ ಉಳಿದದ್ದು ಒಂದೇ ವರ್ಷ. 1970ರ ಶಾಸನದಲ್ಲಿ ಅದು ಸಡಿಲಗೊಂಡು, ರಕ್ಷಣಾ ಕಾರ್ಯದರ್ಶಿಯ ಅಭಿಪ್ರಾಯದಲ್ಲಿ ಸಂಭಾವ್ಯ ಸಂಬಂಧವಿದ್ದರೆ ಸಾಕೆಂದಾಯಿತು. ಇಲಾಖೆಯ ಪೋಷಣೆಯಲ್ಲಿದ್ದ ಪದಾರ್ಥವಿಜ್ಞಾನದ ಪ್ರಯೋಗಾಲಯಗಳು 1972ರಲ್ಲಿ ವಿಜ್ಞಾನ ಪ್ರತಿಷ್ಠಾನಕ್ಕೆ ವರ್ಗಾವಣೆಗೊಂಡವು. ತಿದ್ದುಪಡಿ ಜಾರಿಗೆ ಬರುವ ಮೊದಲೇ, 1969ರ ಅಕ್ಟೋಬರ್‌ನಲ್ಲಿ, ಅರೆಸಿಬೊ ಅದೇ ಪ್ರತಿಷ್ಠಾನದ ಕೈ ಸೇರಿತ್ತು. ಆ ತಟ್ಟೆಯ ಮೇಲೆ ತೂಗುತ್ತಿದ್ದ ಉಪಕರಣ ವೇದಿಕೆ 2020ರ ಡಿಸೆಂಬರ್ 1ರಂದು ಕಳಚಿ ಬಿದ್ದು, ದೂರದರ್ಶಕ ನಾಶವಾಯಿತು.