ದಂಡಿಗೆ ಹೋದ ಹಿರಿಯರು: ಹರಿಹರ–ದಾವಣಗೆರೆ ಸೀಮೆಯ ಮನೆತನಗಳ ಚರಿತ್ರೆಗೆ ಗ್ರಂಥಾಲಯದ ಸಾಕ್ಷ್ಯ

ದಾವಣಗೆರೆ ಮತ್ತು ಹರಿಹರದ ಸೀಮೆಯಲ್ಲಿ ಹಲವು ವೀರಶೈವ ಮನೆತನಗಳು ತಮ್ಮ ಮೂಲಪುರುಷನು ಯಾವುದೋ ಅರಸನ ದಂಡಿನಲ್ಲಿ ಸರದಾರನಾಗಿದ್ದನೆಂದು, ಇಲ್ಲವೆ ಪಾಳೆಯಗಾರನೊಬ್ಬನ ಪಕ್ಷದಲ್ಲಿ ಕಾದಿ ಮಡಿದನೆಂದು ಹೇಳಿಕೊಂಡು ಬಂದಿವೆ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಊರೂರಿಗೆ ಬರುತ್ತಿದ್ದ ಹೆಳವರು ಮನೆಯ ಬೆಡಗನ್ನೂ ತಲೆಮಾರುಗಳ ಹೆಸರನ್ನೂ ಸೊಲ್ಲೆತ್ತಿ ಹಾಡಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಅವರ ಬಾಯಲ್ಲಿ ಹೆಸರುಗಳ ಅನುಕ್ರಮವು ಬಹುಮಟ್ಟಿಗೆ ಸರಿಯಾಗಿಯೇ ಉಳಿದಿರುತ್ತದೆ. ಕಾಲನಿರ್ದೇಶ ಮಾತ್ರ ಇರುವುದಿಲ್ಲ. ಹೆಸರಿಗೆ ಕಾಲವನ್ನು ಕೂಡಿಸುವ ಕಾರ್ಯವು ಗ್ರಂಥಾಲಯದಲ್ಲಿ ಆಗಬೇಕಾದುದು. ಅದರಲ್ಲಿ ತೊಡಗಿದವರು ಖಡ್ಗದ ಕಥೆಯನ್ನು ಬೆನ್ನಟ್ಟುವುದಕ್ಕಿಂತ ಆ ಖಡ್ಗಕ್ಕೆ ಸಂದ ಹೊಲದ ಲೆಕ್ಕವನ್ನು ಹುಡುಕುವುದು ಹೆಚ್ಚು ಫಲಕಾರಿಯೆಂಬುದನ್ನು ಈ ಸೀಮೆಯ ಆಕರಗಳೇ ತೋರಿಸಿಕೊಡುತ್ತವೆ.

ಮೊದಲನೆಯ ಆಕರ ಶಾಸನಗಳು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳನ್ನು ಅರಸುವವರು ಅದರಲ್ಲಿ ‘ಹರಿಹರ ತಾಲ್ಲೂಕು’ ಎಂಬ ಶೀರ್ಷಿಕೆಯನ್ನು ಹುಡುಕಿ ನಿರಾಶರಾಗುವುದುಂಟು. ಆ ಕಾಲಕ್ಕೆ ಹರಿಹರವು ದಾವಣಗೆರೆ ತಾಲ್ಲೂಕಿಗೆ ಸೇರಿದ್ದುದರಿಂದ ಅಲ್ಲಿನ ಶಾಸನಗಳೆಲ್ಲ ದಾವಣಗೆರೆಯ ಕ್ರಮಾಂಕಗಳಲ್ಲಿವೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದ ಪೋಲಾಳ್ವ ದಂಡನಾಥನ ವಿಷಯ ತಿಳಿದುಬರುವುದೂ ಈ ಶಾಸನಗಳಿಂದಲೇ.

‘ದಂಡನಾಥ’, ‘ದಂಡನಾಯಕ’ ಎಂಬ ಪದಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಮಂತ್ರಿತ್ವ, ಭಂಡಾರದ ಅಧಿಕಾರ, ಸೈನ್ಯಾಧಿಪತ್ಯಗಳು ಒಬ್ಬನಲ್ಲಿಯೇ ಕೂಡಿರುತ್ತಿದ್ದವು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರನ್ನು ಪರಂಪರೆಯು ದಂಡನಾಯಕರೆಂದೂ ಕರೆದಿದೆ. ಶಿವತತ್ತ್ವ ಚಿಂತಾಮಣಿಯ ಕರ್ತೃ ಲಕ್ಕಣ್ಣ ದಂಡೇಶನು ಪ್ರೌಢದೇವರಾಯನ ಆಳ್ವಿಕೆಯಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಆದಕಾರಣ ಮನೆತನದ ಹೆಸರಿನಲ್ಲಿ ಈ ಪದವಿದ್ದ ಮಾತ್ರಕ್ಕೆ ಹಿರಿಯನೊಬ್ಬ ರಣರಂಗದಲ್ಲಿ ಕಾದಿದನೆಂದು ನಿಶ್ಚಯಿಸಲಾಗದು.

ಕಾದಿ ಮಡಿದ ಸಾಮಾನ್ಯನ ಗುರುತು ಬೇರೆ ಬಗೆಯ ಕಲ್ಲುಗಳಲ್ಲಿದೆ. ತುರುಗೊಳ್ಳುವಲ್ಲಿಯೋ ಊರಳಿವಿನಲ್ಲಿಯೋ ಬಿದ್ದ ವೀರನಿಗೆ ಕಲ್ಲು ನಿಲ್ಲಿಸಿ, ಅವನ ಮಕ್ಕಳಿಗೆ ಭೂಮಿಯನ್ನು ಬಿಟ್ಟುಕೊಡುವುದು ಈ ನಾಡಿನ ಹಳೆಯ ರೂಢಿ. ‘ನೆತ್ತರುಗೊಡಗೆ’, ‘ಬಾಳ್ಗಚ್ಚು’ ಎಂಬ ಪದಗಳು ಅಂಥ ಭೂಮಿಯನ್ನು ಸೂಚಿಸುತ್ತವೆ. ವೀರನ ಹೆಸರು ಸವೆದು ಹೋಗಿದ್ದರೂ ಹೊಲದ ಹೆಸರು ಕೆಲವೊಮ್ಮೆ ಉಳಿದುಬರುತ್ತದೆ. ಊರಿನ ಹಳೆಯ ಇನಾಮು ಪತ್ರ ಮತ್ತು ಪಹಣಿಗಳಲ್ಲಿ ‘ಕೊಡಗಿ’ ಎಂದು ಕೊನೆಗೊಳ್ಳುವ ಹೊಲದ ಹೆಸರು ಕಂಡಲ್ಲಿ ಶಾಸನ ಸಂಪುಟವನ್ನು ತೆರೆದು ನೋಡುವುದು ವ್ಯರ್ಥಶ್ರಮವಾಗದು.

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಇನ್ನೊಂದು ಆಕರವು ಕೈಯಳತೆಯಲ್ಲಿಯೇ ಇದೆ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನದ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದುದು ಎಲ್ಲರಿಗೂ ತಿಳಿದದ್ದೇ. ಅಂಥ ಕಟ್ಟುಗಳ ಕೊನೆಯ ಗರಿಯಲ್ಲಿ ಲಿಪಿಕಾರನು ತನ್ನ ಹೆಸರು, ತಂದೆಯ ಹೆಸರು, ಊರು, ಯಾರ ಸಲುವಾಗಿ ಬರೆದುಕೊಟ್ಟೆನೆಂಬುದು, ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುವುದುಂಟು. ವಚನದ ಪಾಠಕ್ಕಾಗಿ ಹಸ್ತಪ್ರತಿ ನೋಡುವವರು ಈ ಒಕ್ಕಣೆಯನ್ನು ದಾಟಿ ಮುಂದೆ ಹೋಗುತ್ತಾರೆ. ಮನೆತನದ ಚರಿತ್ರೆಗೆ ಅದೇ ಮುಖ್ಯ ಗರಿ.

ಶಕವರ್ಷವನ್ನು ಬಿಟ್ಟು ಸಂವತ್ಸರವನ್ನಷ್ಟೇ ಬರೆದಿದ್ದರೆ ತೊಡಕು ಉಂಟಾಗುತ್ತದೆ. ‘ಖರ’ ಎಂದಿದ್ದಲ್ಲಿ ಅದು 1771–72 ಆಗಬಹುದು, 1831–32 ಆಗಬಹುದು, 1891–92 ಸಹ ಆಗಬಹುದು. ಮೊದಲನೆಯದಾದರೆ ಹಿರಿಯನು ಹೈದರಾಲಿಯ ಕಾಲದವನು, ಎರಡನೆಯದಾದರೆ ನಗರದ ದಂಗೆಯ ಕಾಲದವನು. ತಿಥಿಯೊಂದಿಗೆ ವಾರವೂ ಇದ್ದರೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಸಂಪುಟಗಳ ನೆರವಿನಿಂದ ಈ ಸಂದೇಹವನ್ನು ಬಹುಮಟ್ಟಿಗೆ ಪರಿಹರಿಸಿಕೊಳ್ಳಬಹುದು.

ನಗರದ ದಂಗೆಯ ಪ್ರಸಂಗವು ಈ ವಿಷಯದಲ್ಲಿ ವಿಶೇಷವಾಗಿ ವಿಚಾರಾರ್ಹವಾಗಿದೆ. 1830–31ರಲ್ಲಿ ನಗರ ಫೌಜುದಾರಿಯ ರೈತರು ಕಂದಾಯದ ಭಾರ ತಾಳಲಾರದೆ ಎದ್ದರು. ಅದರ ಪರಿಣಾಮವಾಗಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವು ಇಂಗ್ಲಿಷರಿಗೆ ಹೋಯಿತು. ದಂಗೆಯ ನಾಯಕ ಬೂದಿ ಬಸವಪ್ಪನು ಕೆಳದಿ ಅರಸರ ವಾರಸುದಾರನೆಂದು ನಿಂತವನು. ಇಂಗ್ಲಿಷರ ಬರಹಗಳ ಪ್ರಕಾರ ಅವನು ಸಾಮಾನ್ಯ ರೈತನ ಮಗ. ಆ ಅರಸುಮನೆಯ ಮುದ್ರೆಗಳು ಜಂಗಮರೊಬ್ಬರಿಂದ ಅವನ ಕೈಸೇರಿದ್ದವು. ವಂಶಾವಳಿಗೆ ಮುದ್ರೆಯ ಸಾಕ್ಷ್ಯವಿದ್ದರೂ ವಂಶ ನಿಜವಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. ಆದರೆ ಅವನನ್ನು ವಂಚಕನೆಂದು ಬರೆದವರು ಅವನನ್ನು ಅಡಗಿಸಿದ ಪಕ್ಷದವರೇ ಎಂಬುದನ್ನೂ ಮರೆಯಲಾಗದು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು 1833ರಲ್ಲಿ ಸಲ್ಲಿಸಿದ ವರದಿಯು ರೈತರ ಸಂಕಟವನ್ನು ಒಪ್ಪಿಕೊಂಡಿದೆ. ಅಂದಿನ ನಗರ ಸೀಮೆಯ ಮನೆತನವೊಂದು ತನ್ನ ಹಿರಿಯನನ್ನು ಅರಸನ ಆಳೆಂದು ನೆನೆಯುತ್ತಿರುವಾಗ, ಅದೇ ಹೆಸರು ಸರ್ಕಾರದ ಕಡತದಲ್ಲಿ ದಂಗೆಕೋರರ ಸಾಲಿನಲ್ಲಿ ಸಿಕ್ಕರೆ ಮನೆಯವರು ಮರೆಮಾಚಬೇಕಾದುದೇನೂ ಇಲ್ಲ. ಎರಡು ಬರಹಗಳನ್ನೂ ಎದುರುಬದುರಾಗಿಟ್ಟು ಓದತಕ್ಕದ್ದು.

ಹೈದರನ ಕಾಲದ ಸಮಾಚಾರಕ್ಕೆ ಕರ್ನಲ್ ಮೆಕೆಂಜಿಯು ಕೂಡಿಹಾಕಿಸಿದ ಕೈಫಿಯತ್ತುಗಳಿವೆ. ಅವುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದೆ. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಅಲ್ಲಿನ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದರಿಂದ ಅನೇಕ ಮನೆಗಳ ಎಳೆ ಅಲ್ಲಿಗೇ ತುಂಡಾಗಿದೆ. ದಾವಣಗೆರೆಯನ್ನು ಹೈದರನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟನೆಂದೂ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದನೆಂದೂ ಗ್ಯಾಜೆಟಿಯರ್ ಹೇಳುತ್ತದೆ. ಪಟ್ಟಣದ ಹಳೆಯ ಬಣಜಿಗ ಮನೆಗಳ ಮೂಲವು ದಂಡಿಗಿಂತ ಈ ಪೇಟೆಯಲ್ಲಿ ದೊರೆಯುವ ಸಂಭವವೇ ಹೆಚ್ಚು.

ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ 1865ರವರೆಗೆ ದೇಶೀ ಪಲ್ಟನ್ನೊಂದು ಬೀಡುಬಿಟ್ಟಿದ್ದಿತು. ‘ನಮ್ಮವರು ಹರಿಹರದ ದಂಡಿನಲ್ಲಿದ್ದರು’ ಎಂಬ ಮಾತಿಗೆ ಇದೇ ಆಧಾರ. ಮದ್ರಾಸು ಸೈನ್ಯದ ಪಲ್ಟನ್ನುಗಳು ಒಂದೆಡೆ ಬಹುಕಾಲ ನಿಲ್ಲುತ್ತಿರಲಿಲ್ಲವಾದ್ದರಿಂದ ಊರಿನ ಹೆಸರಿನಿಂದ ಹುಡುಕಿದರೆ ಪ್ರಯೋಜನವಿಲ್ಲ. ಪಲ್ಟನ್ನಿನ ಸಂಖ್ಯೆ ತಿಳಿಯಬೇಕು. ಮನೆಯಲ್ಲಿ ಉಳಿದ ಬಿಲ್ಲೆ, ಪದಕ, ಪಿಂಚಣಿ ಕಾಗದಗಳಲ್ಲಿ ಆ ಸಂಖ್ಯೆ ಇರುವುದುಂಟು. ಸಂಖ್ಯೆ ಸಿಕ್ಕಿದರೆ ಡಬ್ಲ್ಯು. ಜೆ. ವಿಲ್ಸನ್‌ನ ಐದು ಸಂಪುಟಗಳ ಮದ್ರಾಸು ಸೈನ್ಯದ ಚರಿತ್ರೆಯಲ್ಲಿ ಆ ಪಲ್ಟನ್ನು ಹೋದಲ್ಲೆಲ್ಲ ಹೋಗಿಬರಬಹುದು. ಸಾಮಾನ್ಯ ಸಿಪಾಯಿಯ ಹೆಸರು ಅಚ್ಚಾದ ಪುಸ್ತಕಗಳಲ್ಲಿ ಸಿಗುವುದು ವಿರಳ; ಬಿಳಿಯ ಅಧಿಕಾರಿಗಳ ಹೆಸರುಗಳಿಗೆ ಮಾತ್ರ ಪುಟಗಟ್ಟಲೆ ಸ್ಥಳ ಮೀಸಲಾಗಿದೆ. ಮೈಸೂರು ಸಂಸ್ಥಾನದ ಕಂದಾಚಾರದ ಜವಾನರು ಮತ್ತು ಸಿಲೆದಾರರು, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್, ಇವರ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬೇಕು.

ಪತ್ರಾಗಾರಕ್ಕೆ ಹೊರಡುವ ಮುನ್ನ ಊರು ಅಂದು ಯಾರ ಆಡಳಿತಕ್ಕೆ ಸೇರಿತ್ತೆಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ತುಂಗಭದ್ರೆಯ ಈಚೆಯ ಹರಿಹರವು ಮೈಸೂರಿನದು. ಆಚೆಯ ರಾಣೆಬೆನ್ನೂರು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೂ, ಹರಪನಹಳ್ಳಿಯು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೂ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿಗಳು ಬೇರೆ ಬೇರೆ ಜಿಲ್ಲೆಗಳಿಂದ ಬಂದು ಸೇರಿದವು. ಹರಪನಹಳ್ಳಿಯು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊಳೆಯ ಎರಡು ದಡಗಳಲ್ಲಿ ನೆಂಟಸ್ತನ ಬೆಳೆಸಿದ ಒಂದೇ ಬೆಡಗಿನ ಮನೆಗಳಲ್ಲಿ ಅಣ್ಣನ ಕಾಗದ ಬೆಂಗಳೂರಿನಲ್ಲಿ, ತಮ್ಮನ ಕಾಗದ ಮುಂಬಯಿಯಲ್ಲಿ, ಬೀಗರದು ಚೆನ್ನೈಯ ಎಗ್ಮೋರಿನಲ್ಲಿ ಇರುವುದು ಅಸಂಭವವೇನಲ್ಲ.